ರಕ್ಷಣೆ ಎಲ್ಲರಿಗೂ ಎಂದ ಮೇಲೆ ನಂಬಬೇಕೆಂಬ ಶರತ್ತು ಏಕೆ?

ಪ್ರಶ್ನೆ: ನನ್ನ ಸಹೋದ್ಯೋಗಿಯೊಬ್ಬರು ಕ್ರೈಸ್ತರು. ಯೇಸುವಿನಿಂದ ಬರುವ ರಕ್ಷಣೆ ಎಲ್ಲರಿಗೂ ಉಚಿತ ಎನ್ನುತ್ತಾರೆ, ಹಿಂದೆಯೇ ನಂಬಿದರೆ ಮಾತ್ರ ಎಂದೂ ಸೇರಿಸುತ್ತಾರೆ. ಉಚಿತವಾದರೆ ಶರತ್ತು ಎಲ್ಲಿಂದ ಬಂತು? ಒಪ್ಪಿಕೊಂಡವರು ಹೆಸರು, ಜಾತಿ, ಊಟ-ಉಡುಪು ಎಲ್ಲವನ್ನೂ ಬದಲಿಸಬೇಕೇ? ಯೇಸುವಿನ ಹೆಸರನ್ನೇ ಕೇಳದೆ, ಯಾರಿಗೂ ಕೇಡು ಬಗೆಯದೆ ಬಾಳಿ ತೀರಿಕೊಂಡ ನನ್ನ ಅಜ್ಜಿಯ ಗತಿ ಏನು? ರಕ್ಷಣೆ ಬೇಕೆನ್ನುವವರು ನಿಜಕ್ಕೂ ಏನು ಮಾಡಬೇಕೆಂದು ಕ್ರೈಸ್ತರು ಹೇಳುತ್ತಾರೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಕ್ರೈಸ್ತ ಸಭೆ ಹುಟ್ಟಿದ ಮೊದಲ ಇಪ್ಪತ್ತು ವರ್ಷಗಳಲ್ಲಿ ಜಗಳವಾಡಿದ್ದು, ಕೂತು ಚರ್ಚಿಸಿದ್ದು, ತೀರ್ಮಾನಿಸಿದ್ದು ಅದನ್ನೇ. ಅದು ಬಗೆಹರಿದರೆ ಮಿಕ್ಕ ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದ್ಯರು. ಹೊರಗಿನವನು ದೇವರ ಜನರೊಂದಿಗೆ ಸೇರಬೇಕಾದರೆ ಸುನ್ನತಿ ಮಾಡಿಸಿಕೊಂಡು, ಮೋಶೆಯ ಧರ್ಮಶಾಸ್ತ್ರವನ್ನು ಪಾಲಿಸಬೇಕು, ಅಂದರೆ ಮೊದಲು ಯೆಹೂದ್ಯನಾಗಬೇಕು ಎಂದು ಅವರಲ್ಲಿ ಅನೇಕರು ತಿಳಿದಿದ್ದರು. ಈ ತಿಳಿವಳಿಕೆ ಮುರಿದುಬಿದ್ದ ಬಗೆ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 10ನೇ ಅಧ್ಯಾಯದಲ್ಲಿದೆ. ಕೈಸರೈಯ ಎಂಬ ಕಡಲತೀರದ ಪಟ್ಟಣದಲ್ಲಿ ಕೊರ್ನೇಲ್ಯ ಎಂಬ ರೋಮನ್ ಶತಾಧಿಪತಿ ಇದ್ದ. ದೇವರಿಗೆ ಅಂಜುವವನು, ಬಡವರಿಗೆ ಧಾರಾಳವಾಗಿ ಕೊಡುವವನು, ತಪ್ಪದೆ ಪ್ರಾರ್ಥಿಸುವವನು. ಯೇಸುವಿನ ಶಿಷ್ಯ ಪೇತ್ರನನ್ನು ಕರೆಸು ಎಂಬ ಅಪ್ಪಣೆ ಅವನಿಗೆ ದರ್ಶನದಲ್ಲಿ ಬಂತು.

ಪೇತ್ರ ಆಗ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಯೊಪ್ಪದಲ್ಲಿ, ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ ತಂಗಿದ್ದ. ಸತ್ತ ಪ್ರಾಣಿಗಳ ಚರ್ಮ ಮುಟ್ಟುವ ಕಸುಬನ್ನು ಮೈಲಿಗೆಯದೆಂದು ಕಾಣುತ್ತಿದ್ದ ಸಮಾಜ ಅದು. ಅಂಥ ಮನೆಯ ಮಾಳಿಗೆಯ ಮೇಲೆ, ನಡುಮಧ್ಯಾಹ್ನದ ಹಸಿವಿನಲ್ಲಿ ಪೇತ್ರನಿಗೂ ಒಂದು ದರ್ಶನವಾಗುತ್ತದೆ. ತಿನ್ನಬಾರದೆಂದು ಅವನು ಬಿಟ್ಟಿದ್ದ ಪ್ರಾಣಿಗಳು ತುಂಬಿದ ಜೋಳಿಗೆಯಂಥ ದೊಡ್ಡ ಬಟ್ಟೆ ಆಕಾಶದಿಂದ ಇಳಿಯುತ್ತದೆ. ದೇವರು ಶುದ್ಧ ಮಾಡಿದ್ದನ್ನು ನೀನು ಹೊಲೆ ಎನ್ನಬೇಡ ಎಂಬ ಮಾತು ಮೂರು ಸಲ ಕೇಳಿಸುತ್ತದೆ. ಅದು ಊಟದ ಮಾತಷ್ಟೇ ಅಲ್ಲ, ಮನುಷ್ಯರ ಮಾತು ಎಂಬುದು ಪೇತ್ರನಿಗೆ ಹೊಳೆದದ್ದು ಕೊರ್ನೇಲ್ಯನ ಮನೆಯ ಹೊಸ್ತಿಲು ದಾಟಿದಾಗ.

ಮುಂದೆ ನಡೆದದ್ದರ ಅನುಕ್ರಮವನ್ನು ಗಮನಿಸಿ. ಪೇತ್ರ ಇನ್ನೂ ಮಾತಾಡುತ್ತಿರುವಾಗಲೇ ಕೇಳುತ್ತಿದ್ದವರ ಮೇಲೆ ಪವಿತ್ರಾತ್ಮ ಇಳಿದು ಬಂತು. ಆಮೇಲೆ ಸಭೆಗೆ ಸೇರಿಸಿಕೊಳ್ಳುವ ನೀರಿನ ದೀಕ್ಷಾಸ್ನಾನ. ಸುನ್ನತಿಯ ಪ್ರಸ್ತಾಪವೇ ಬರಲಿಲ್ಲ. ಪೇತ್ರ ಯೆರೂಸಲೇಮಿಗೆ ಮರಳಿದಾಗ ಅಲ್ಲಿನವರು ಎತ್ತಿದ ಆಕ್ಷೇಪಣೆ ದೀಕ್ಷಾಸ್ನಾನದ ಕುರಿತಲ್ಲ. ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆ ಊಟ ಮಾಡಿದೆಯಲ್ಲ ಎಂಬುದು (11:3). ಪಂಕ್ತಿಭೇದ ಕಂಡ ನಮ್ಮ ನಾಡಿನವರಿಗೆ ಈ ಆಕ್ಷೇಪಣೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿವಾದ ಅಲ್ಲಿಗೆ ತಣಿಯಲಿಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಅಪೊಸ್ತಲರೂ ಸಭೆಯ ಹಿರಿಯರೂ ಕೂಡಿದರು. ಸುನ್ನತಿ ಆಗದಿದ್ದರೆ ರಕ್ಷಣೆಯಿಲ್ಲ ಎಂಬ ಪಕ್ಷ ಒಂದು ಕಡೆ. ಯೆಹೂದ್ಯರಲ್ಲದವರಿಗೆ ಬೋಧಿಸುತ್ತಿದ್ದ ಪೌಲ, ಬಾರ್ನಬರು ಇನ್ನೊಂದು ಕಡೆ. ಪೇತ್ರ ಎದ್ದು ನಿಂತು, ನಮ್ಮ ಹಿರಿಯರಾಗಲಿ ನಾವಾಗಲಿ ಹೊರಲಾರದ ನೊಗವನ್ನು ಇವರ ಹೆಗಲಿಗೆ ಏಕೆ ಹಾಕುತ್ತೀರಿ, ಅವರಂತೆಯೇ ನಾವೂ ಕರ್ತನಾದ ಯೇಸುವಿನ ಕೃಪೆಯಿಂದಲೇ ರಕ್ಷಣೆ ಹೊಂದುವವರು ಎಂದ. ಅವರೂ ನಮ್ಮಂತೆಯೇ ಎನ್ನಲಿಲ್ಲ, ಅವರಂತೆಯೇ ನಾವೂ ಎಂದ. ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬ, ಪ್ರವಾದಿಗಳ ಮಾತನ್ನು ಆಧಾರವಾಗಿ ಎತ್ತಿ ತೀರ್ಪು ಕೊಟ್ಟ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಈ ನಾಲ್ಕನ್ನು ಬಿಡಿ ಎಂದಷ್ಟೇ ಬರೆದ ಕಾಗದವನ್ನು ಯೆಹೂದ್ಯರಲ್ಲದ ವಿಶ್ವಾಸಿಗಳಿದ್ದ ಅಂತಿಯೋಕ್ಯ ಪಟ್ಟಣಕ್ಕೆ ಕಳುಹಿಸಿದರು. ನಾಲ್ಕರಲ್ಲಿ ಮೂರು ಊಟಕ್ಕೆ ಸಂಬಂಧಿಸಿದವು. ಎರಡು ಕಡೆಯವರೂ ಒಂದೇ ಪಂಕ್ತಿಯಲ್ಲಿ ಕೂರಲಿ ಎಂಬ ಉದ್ದೇಶ ಅಲ್ಲಿ ಕಾಣುತ್ತದೆ.

ಹೀಗಿದ್ದೂ ಅದೇ ಪೇತ್ರ ಅಂತಿಯೋಕ್ಯದಲ್ಲಿ ಹಿಂಜರಿದ ಪ್ರಸಂಗವನ್ನು ಪೌಲ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ದಾಖಲಿಸುತ್ತಾನೆ. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಎದ್ದುಹೋದ, ಬಾರ್ನಬನೂ ಹಿಂದೆಯೇ ನಡೆದ. ಪೌಲ ಎಲ್ಲರೆದುರಿಗೆ ಪೇತ್ರನನ್ನು ಪ್ರಶ್ನಿಸಿದ. ಊಟದ ಸಾಲಿನ ವಿಷಯವನ್ನು ಅವನು ಶಿಷ್ಟಾಚಾರದ ಲೋಪ ಎಂದು ಕರೆಯಲಿಲ್ಲ, ಸುವಾರ್ತೆಯ, ಅಂದರೆ ಯೇಸುವಿನ ಶುಭಸಂದೇಶದ, ಸತ್ಯಕ್ಕೆ ತಪ್ಪಿ ನಡೆದದ್ದು ಎಂದ. ರಕ್ಷಣೆ ಎಲ್ಲರಿಗೂ ಎಂಬ ಬೋಧನೆಯ ತಿರುಳು ನನ್ನ ದೃಷ್ಟಿಯಲ್ಲಿ ಇಲ್ಲಿದೆ: ಯಾರೂ ಮೊದಲು ಇನ್ನೊಬ್ಬರ ಕುಲ, ನುಡಿ, ಅಡುಗೆಮನೆಯ ಪಾಲಾಗಿ ಆಮೇಲೆ ದೇವರ ಬಳಿಗೆ ಬರಬೇಕಿಲ್ಲ.

ಆದ್ದರಿಂದ ಹೆಸರು ಬದಲಿಸಬೇಕೆಂಬ ನಿಯಮ ಬೈಬಲಿನಲ್ಲಿಲ್ಲ. ಹಳೆ ಮೈಸೂರು ಸೀಮೆಯ ಕಥೋಲಿಕ ಹಳ್ಳಿಗಳಲ್ಲಿ ರಾಯಪ್ಪ, ಚೌರಪ್ಪ, ಆರೋಗ್ಯಪ್ಪ ಎಂಬ ಹೆಸರುಗಳು ಇಂದಿಗೂ ಇವೆ. ಮಂಗಳೂರಿನ ಕಥೋಲಿಕ ಹೆಣ್ಣುಮಕ್ಕಳು ಕರಿಮಣಿ ಧರಿಸುತ್ತಾರೆ. ಸಸ್ಯಾಹಾರಿಗಳು ಮಾಂಸ ತಿನ್ನಬೇಕಿಲ್ಲ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹೇಳಬಾರದು ಎಂದು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಬಿಡಬೇಕಾದದ್ದು ಬೇರೆ: ಯೇಸುವಲ್ಲದೆ ಬೇರೆ ದೇವರುಗಳಿಗೆ ಸಲ್ಲಿಸುವ ಪೂಜೆ, ಮತ್ತು ಜಾತಿಯ ಮೇಲುಕೀಳು.

ಎರಡನೆಯದರಲ್ಲಿ ಸಭೆಗಳೇ ಸೋತಿವೆ. ದಕ್ಷಿಣ ಭಾರತದ ಎಷ್ಟೋ ಸಭೆಗಳಲ್ಲಿ ಜಾತಿಗೊಂದು ಸಾಲು, ಜಾತಿಗೊಂದು ಸ್ಮಶಾನ ಉಳಿದುಬಂದವು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಜಾತಿಭೇದವನ್ನು ಸಭೆಯೊಳಗಿಂದ ತೊಲಗಿಸಬೇಕೆಂದು ಸುತ್ತೋಲೆ ಹೊರಡಿಸಿದಾಗ, ತಂಜಾವೂರಿನ ಕಡೆ ಹಲವರು ಅದಕ್ಕೆ ಒಪ್ಪಲಿಲ್ಲ. ಕರಾವಳಿಯಲ್ಲಿ ಆದದ್ದು ಇನ್ನೊಂದು ಬಗೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು, ದೀಕ್ಷಾಸ್ನಾನ ಪಡೆದವರು ಜಾತಿಯ ಜೊತೆಗೆ ಕಸುಬು, ನೆಲೆ ಕಳೆದುಕೊಳ್ಳುವುದನ್ನು ಕಂಡು ನೇಯ್ಗೆಯ ಕಾರ್ಖಾನೆಗಳನ್ನೂ, 1865ರಿಂದ ಹೆಂಚಿನ ಕಾರ್ಖಾನೆಗಳನ್ನೂ ನಡೆಸಿದರು. ಹೊಟ್ಟೆಪಾಡಿಗೆ ಅದು ದೊಡ್ಡ ಆಸರೆ. ಆದರೆ ನಂಬಿಕೆಯೂ ನೌಕರಿಯೂ ಒಂದೇ ಕೈಯಿಂದ ಬಂದಾಗ ಎರಡರ ನಡುವಿನ ಗೆರೆ ಮಸುಕಾಗುತ್ತದೆ, ನೋಡುವವರಿಗೂ ಅನುಮಾನ ಹುಟ್ಟುತ್ತದೆ.

ಜಾತಿಯ ಬಗ್ಗೆ ಕೇಳಿದ್ದರಿಂದ ಕಾನೂನಿನ ಒಂದು ಸಂಗತಿಯನ್ನೂ ತಿಳಿಸಬೇಕು. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶದ 3ನೇ ಕಂಡಿಕೆಯಂತೆ ಆ ಸ್ಥಾನಮಾನ ಹಿಂದೂಗಳಿಗೆ, 1956ರ ತಿದ್ದುಪಡಿಯಿಂದ ಸಿಖ್ಖರಿಗೆ, 1990ರದರಿಂದ ಬೌದ್ಧರಿಗೆ ಮಾತ್ರ. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಸ್ಥಾನಮಾನ ಉಳಿಯುವುದಿಲ್ಲ. ಪರಿಶಿಷ್ಟ ಪಂಗಡಗಳಿಗೆ ಇಂಥ ಧರ್ಮದ ಶರತ್ತು ಇಲ್ಲ. ಕರ್ನಾಟಕದ 2022ರ ಮತಾಂತರ ಕಾಯ್ದೆ ಜಿಲ್ಲಾಧಿಕಾರಿಗೆ ಮುಂಚಿತವಾಗಿ ಘೋಷಣೆ ಕೊಡುವ ನಿಯಮ ತಂದಿತ್ತು. ಅದನ್ನು ರದ್ದುಪಡಿಸಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಅಧಿಕೃತವಾಗಿ ಧರ್ಮ ಬದಲಿಸುವವರು ಆ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರನ್ನು ಕೇಳಿಯೇ ಹೆಜ್ಜೆ ಇಡಬೇಕು. ಇದನ್ನು ಮುಚ್ಚಿಟ್ಟು ಅವಸರಪಡಿಸುವ ಬೋಧಕರು ಜನರಿಗೆ ಅನ್ಯಾಯ ಮಾಡುತ್ತಾರೆ.

ಇನ್ನು ಉಚಿತ ಮತ್ತು ಶರತ್ತಿನ ಮಾತು. ಕ್ರೈಸ್ತ ಬೋಧನೆಯಲ್ಲಿ ರಕ್ಷಣೆ ಎಂದರೆ ಕಷ್ಟ, ಕಾಯಿಲೆ, ಸಾಲಗಳಿಂದ ಪಾರಾಗುವುದಕ್ಕಿಂತ ಮೊದಲು ಪಾಪದಿಂದ, ಅದು ತರುವ ಮರಣದಿಂದ ಬಿಡುಗಡೆ. ಪಾಪ ಎಂದರೆ ತಪ್ಪುಗಳ ಪಟ್ಟಿ ಮಾತ್ರವಲ್ಲ; ದೇವರಿಗೆ ಬೆನ್ನು ತಿರುಗಿಸಿ ನಿಂತ ಮನುಷ್ಯನ ಸ್ಥಿತಿ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಮೂರು ಅಧ್ಯಾಯಗಳು ಆ ಸ್ಥಿತಿಯಲ್ಲಿ ಯೆಹೂದ್ಯನೂ ಒಂದೇ, ಗ್ರೀಕನೂ ಒಂದೇ ಎಂದು ಸಾಧಿಸುತ್ತವೆ. ಕೊಡುಗೆ ಎಲ್ಲರಿಗೂ ಎನ್ನುವ ಮುನ್ನ ಕೊರತೆಯೂ ಎಲ್ಲರದ್ದೇ ಎನ್ನುತ್ತಾನೆ ಪೌಲ. ಈ ಮೊದಲ ಭಾಗ ಬಿಟ್ಟು ಎರಡನೆಯದನ್ನಷ್ಟೇ ಹೇಳಿದರೆ ಕೇಳುಗನನ್ನು ಮಾತ್ರ ಪಾಪಿ ಎಂದಂತೆ ಕೇಳಿಸುತ್ತದೆ. ಮನಸ್ತಾಪಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಂದಲೇ.

ಅದಕ್ಕೆ ಪರಿಹಾರವನ್ನು ದೇವರೇ ಒದಗಿಸಿದರು ಎಂಬುದು ಸುವಾರ್ತೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು (ರೋಮಾ 5:8). ಹೂಣಲ್ಪಟ್ಟು ಮೂರನೆಯ ದಿನ ಎದ್ದುಬಂದನು (1 ಕೊರಿಂಥ 15:3-4). ಪಾಪ ಕೊಡುವ ಸಂಬಳ ಮರಣ, ದೇವರು ಕೊಡುವುದು ವರ ಎಂದು ರೋಮಾ 6:23 ಎರಡನ್ನೂ ಎದುರುಬದುರು ಇಡುತ್ತದೆ. ಸಂಬಳಕ್ಕೆ ದುಡಿದಿರಬೇಕು, ವರಕ್ಕೆ ಕೈ ಚಾಚಿದರೆ ಸಾಕು. ಆ ಕೈ ಚಾಚುವುದನ್ನೇ ಕ್ರೈಸ್ತರು ನಂಬಿಕೆ ಎನ್ನುತ್ತಾರೆ. ಅದು ತೆರಬೇಕಾದ ಬೆಲೆಯಲ್ಲ. ನಂಬಿಕೆಯೂ ನಿಮ್ಮ ಸಾಧನೆಯೆಂದು ಬೀಗುವಂತಿಲ್ಲ ಎನ್ನುತ್ತದೆ ಎಫೆಸ 2:8-9.

ನಂಬಿಕೆ ಎಂದರೆ ದೇವರಿದ್ದಾನೆ ಎಂದು ಒಪ್ಪುವುದಲ್ಲ. ಅಷ್ಟನ್ನು ದೆವ್ವಗಳೂ ನಂಬಿ ನಡುಗುತ್ತವೆ ಎನ್ನುತ್ತಾನೆ ಯಾಕೋಬ (2:19). ಸಂಗತಿ ತಿಳಿದಿರಬೇಕು, ಅದು ನಿಜವೆಂದು ಒಪ್ಪಬೇಕು, ಆಮೇಲೆ ತನ್ನ ಭಾರವನ್ನು ಆ ವ್ಯಕ್ತಿಯ ಮೇಲೆ ಹಾಕಬೇಕು. ಈ ಮೂರನೆಯದಿಲ್ಲದೆ ಮೊದಲೆರಡು ಎಷ್ಟಿದ್ದರೂ ಸಾಲದು.

ಹಾಗಾದರೆ ಒಳ್ಳೆಯತನಕ್ಕೆ ಬೆಲೆಯೇ ಇಲ್ಲವೇ? ಕೊರ್ನೇಲ್ಯನ ಪ್ರಸಂಗಕ್ಕೆ ಮರಳಿ. ನಿನ್ನ ಪ್ರಾರ್ಥನೆ, ದಾನಧರ್ಮಗಳು ದೇವರ ಸನ್ನಿಧಿಗೆ ಮುಟ್ಟಿವೆ ಎಂದೇ ದೇವದೂತ ಮಾತು ಆರಂಭಿಸಿದ್ದು. ಅವನ ಒಳ್ಳೆಯತನವನ್ನು ದೇವರು ತಳ್ಳಿಹಾಕಲಿಲ್ಲ, ಅದಷ್ಟೇ ಸಾಕು ಎನ್ನಲೂ ಇಲ್ಲ. ರಕ್ಷಣೆಯ ಮಾತು ಹೇಳುವವನನ್ನು ಕರೆಸು ಎಂದರು (11:14). ಎಫೆಸ 2:8-9 ಕಂಠಪಾಠ ಹೇಳುವವರಲ್ಲಿ ಎಷ್ಟೋ ಮಂದಿ 10ನೇ ವಚನಕ್ಕೆ ಮುಂಚೆಯೇ ನಿಲ್ಲಿಸಿಬಿಡುತ್ತಾರೆ: ಸತ್ಕ್ರಿಯೆಗಳಿಂದ ರಕ್ಷಣೆಯಲ್ಲ, ಆದರೆ ಸತ್ಕ್ರಿಯೆಗಳಿಗಾಗಿಯೇ ನಾವು ಉಂಟುಮಾಡಲ್ಪಟ್ಟವರು ಎಂಬ ಮಾತು ಅಲ್ಲಿದೆ. ಬಟ್ಟೆಯಿಲ್ಲದ, ಆ ದಿನದ ಕೂಳಿಲ್ಲದ ಸಹೋದರನಿಗೆ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದಷ್ಟೇ ಹೇಳಿ ಕಳುಹಿಸುವ ನಂಬಿಕೆ ಸತ್ತದ್ದು ಎನ್ನುವ ಯಾಕೋಬನಿಗೂ ಪೌಲನಿಗೂ ವಿರೋಧ ಇರುವುದು ಮೇಲ್ನೋಟಕ್ಕೆ ಮಾತ್ರ. ಒಳಗೆ ಬರುವುದು ಹೇಗೆಂದು ಪೌಲ ಹೇಳುತ್ತಾನೆ, ಬಂದವನು ಬದುಕಿದ್ದಾನೆಯೇ ಎಂದು ಯಾಕೋಬ ನಾಡಿ ಹಿಡಿದು ನೋಡುತ್ತಾನೆ. ಇದೇ ವಿಷಯದಲ್ಲಿ 16ನೇ ಶತಮಾನದಲ್ಲಿ ಒಡೆದುಹೋದ ಲೂಥರನ್ನರು ಮತ್ತು ಕಥೋಲಿಕರು 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಅಂಗೀಕರಿಸುವುದು ಕೃಪೆಯಿಂದ, ನಮ್ಮ ಪುಣ್ಯದಿಂದಲ್ಲ, ಹಾಗೆ ಅಂಗೀಕೃತರಾದವರನ್ನು ಪವಿತ್ರಾತ್ಮ ಸತ್ಕ್ರಿಯೆಗೆ ಅಣಿಗೊಳಿಸುತ್ತದೆ. 2006ರಲ್ಲಿ ಮೆಥೋಡಿಸ್ಟರೂ ಅದಕ್ಕೆ ಸೇರಿದರು.

ನಿಮ್ಮ ಅಜ್ಜಿಯ ಬಗ್ಗೆ. ಈ ಪ್ರಶ್ನೆಗೆ ಕ್ರೈಸ್ತರಲ್ಲೇ ಒಂದೇ ಉತ್ತರವಿಲ್ಲ. ಕೇಳದೆ ನಂಬುವುದು ಹೇಗೆ ಎಂಬ ರೋಮಾ 10:14, ಬೇರೆ ಯಾವ ಹೆಸರಿನಿಂದಲೂ ರಕ್ಷಣೆಯಿಲ್ಲ ಎಂಬ ಅಪೊಸ್ತಲರ ಕೃತ್ಯಗಳು 4:12 ಇವನ್ನು ಹಿಡಿದು, ಈ ಬದುಕಿನಲ್ಲಿಯೇ ತಿಳಿದು ನಂಬಿರಬೇಕು ಎನ್ನುವವರು ಬೈಬಲ್ ವಚನಕ್ಕೂ ವೈಯಕ್ತಿಕ ನಂಬಿಕೆಗೂ ಒತ್ತು ಕೊಡುವ ಇವಾಂಜೆಲಿಕಲ್ ಪ್ರೊಟೆಸ್ಟಂಟ್ ವಲಯದಲ್ಲಿ ಬಹಳ. ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆ ಕುರಿತ ದಾಖಲೆಯ 16ನೇ ಪರಿಚ್ಛೇದ ಬೇರೆ ಮಾತು ಹೇಳುತ್ತದೆ: ತಮ್ಮದಲ್ಲದ ಕಾರಣದಿಂದ ಕ್ರಿಸ್ತನ ಶುಭಸಂದೇಶ ತಿಳಿಯದವರು, ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸುತ್ತ, ಕೃಪೆಯ ಪ್ರೇರಣೆಯಿಂದ ಮನಸ್ಸಾಕ್ಷಿಯಂತೆ ನಡೆದರೆ ನಿತ್ಯ ರಕ್ಷಣೆ ಪಡೆಯಬಲ್ಲರು. ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆ ಎಂಬ ಆಶಯ 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್‌ನಿಂದ ಮೊದಲ್ಗೊಂಡು ಅಲ್ಲಲ್ಲಿ ಕೇಳಿಬಂದಿದೆ, ಸಭೆಗಳು ಅದನ್ನು ಬೋಧನೆಯಾಗಿ ಸ್ವೀಕರಿಸಿಲ್ಲ. ಕ್ರಿಸ್ತನು ಸತ್ತದ್ದು ಯಾರಿಗಾಗಿ ಎಂಬುದರಲ್ಲೂ ಒಡಕಿದೆ. 1618-19ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೂಡಿದ ಪ್ರೊಟೆಸ್ಟಂಟರ ಡೋರ್ಟ್ ಮಹಾಸಭೆ, ಆ ಮರಣ ಇಡೀ ಲೋಕದ ಪಾಪಕ್ಕೆ ಸಾಲುವಷ್ಟು ಬೆಲೆಯುಳ್ಳದ್ದಾದರೂ ಫಲ ಕೊಡುವುದು ಆಯ್ಕೆಯಾದವರಲ್ಲಿ ಎಂದಿತು. 18ನೇ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯ ಹಾದಿಯ ಮೆಥೋಡಿಸ್ಟರು, ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಚಿತ್ತ ಎಂಬ 1 ತಿಮೊಥೆ 2:4ನ್ನು ಮುಂದಿಟ್ಟು ಅದನ್ನು ಒಪ್ಪುವುದಿಲ್ಲ.

ಈ ಎಲ್ಲರಿಗೂ ಒಪ್ಪಿಗೆಯಾಗುವ ಕೆಲವು ಮಾತುಗಳಿವೆ, ಅಜ್ಜಿಯ ವಿಷಯದಲ್ಲಿ ನಾನು ಅವಕ್ಕೇ ಆತುಕೊಳ್ಳುತ್ತೇನೆ. ಯಾರು ರಕ್ಷಣೆ ಪಡೆದರೂ ಅದು ಕ್ರಿಸ್ತನ ಮೂಲಕವೇ. ಯೇಸು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮುಂಚೆ ಬಾಳಿದ ಅಬ್ರಹಾಮನನ್ನು ದೇವರು ನಂಬಿಕೆಯಿಂದ ನೀತಿವಂತನೆಂದು ಎಣಿಸಿದರು, ಯೆರಿಕೋವಿನ ರಾಹಾಬಳೂ ನಂಬಿಗಸ್ತರ ಸಾಲಿನಲ್ಲಿದ್ದಾಳೆ (ಇಬ್ರಿಯ 11). ಧರ್ಮಶಾಸ್ತ್ರ ತಿಳಿಯದವರಿಗೂ ಮನಸ್ಸಾಕ್ಷಿ ಸಾಕ್ಷಿ ಹೇಳುತ್ತದೆ (ರೋಮಾ 2:14-16). ಹೊರಗಿನವರಿಗೆ ತೀರ್ಪು ಮಾಡುವವನು ದೇವರೇ (1 ಕೊರಿಂಥ 5:13). ಅಜ್ಜಿ ನರಕದಲ್ಲಿದ್ದಾರೆ ಎಂದು ನಿಮ್ಮ ಮುಂದೆ ಹೇಳುವ ಅಧಿಕಾರ ಯಾವ ಪಾಸ್ಟರಿಗೂ, ಫಾದರಿಗೂ ಇಲ್ಲ. ಹಾಗೆ ಹೆದರಿಸಿ ಯಾರನ್ನಾದರೂ ಒಪ್ಪಿಸಿದ್ದರೆ ಅದು ಸುವಾರ್ತೆಯ ಸೇವೆಯಲ್ಲ.

ಮಾಡಬೇಕಾದದ್ದೇನು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದ ಸೆರೆಮನೆಯ ಯಜಮಾನನನ್ನು ನೋಡಿ. ಫಿಲಿಪ್ಪಿ ಪಟ್ಟಣದಲ್ಲಿ ನಡುರಾತ್ರಿ ಭೂಕಂಪವಾಗಿ ಬಾಗಿಲುಗಳು ತೆರೆದುಕೊಂಡಾಗ ಅವನು ಕೇಳಿದ್ದೂ ನಿಮ್ಮ ಪ್ರಶ್ನೆಯನ್ನೇ: ರಕ್ಷಣೆಗಾಗಿ ನಾನೇನು ಮಾಡಬೇಕು? ಕರ್ತನಾದ ಯೇಸುವನ್ನು ನಂಬು ಎಂದರು ಪೌಲ, ಸೀಲರು. ಅವನಿಗೂ ಮನೆಮಂದಿಗೂ ವಾಕ್ಯವನ್ನು ವಿವರಿಸಿದರು. ಅವನು ತಾನೇ ಕೋಳ ಹಾಕಿದ್ದ ಆ ಇಬ್ಬರ ಛಡಿಯೇಟಿನ ಗಾಯಗಳನ್ನು ಅದೇ ಗಳಿಗೆಯಲ್ಲಿ ತೊಳೆದ, ದೀಕ್ಷಾಸ್ನಾನ ಪಡೆದ, ಅವರನ್ನು ಮನೆಗೆ ಕರೆದು ಊಟಕ್ಕಿಟ್ಟ. ಕೇಳುವುದು, ನಂಬುವುದು, ದೀಕ್ಷಾಸ್ನಾನ, ಒಟ್ಟಿಗೆ ಊಟ. ನಡುವೆ ಗಾಯ ತೊಳೆದದ್ದು ಯಾರೂ ಹೇಳಿಕೊಡದೆ ಬಂದ ಪಶ್ಚಾತ್ತಾಪ. ಪಶ್ಚಾತ್ತಾಪವೆಂದರೆ ಕಣ್ಣೀರಷ್ಟೇ ಅಲ್ಲ, ದಿಕ್ಕು ಬದಲಿಸಿ ನಡೆಯುವುದು. ಕೊಡಬೇಕಾದ ಸಾಲ ಕೊಡುವುದು, ಮುರಿದ ಸಂಬಂಧ ಸರಿಪಡಿಸುವುದು, ಸುಳ್ಳು ಲೆಕ್ಕ ನಿಲ್ಲಿಸುವುದು ಅದರಲ್ಲಿ ಸೇರುತ್ತವೆ.

ವೇದಿಕೆಯಿಂದ ಒಬ್ಬರು ಹೇಳಿಕೊಟ್ಟ ನಾಲ್ಕು ವಾಕ್ಯದ ಪ್ರಾರ್ಥನೆಯನ್ನು ಪುನರುಚ್ಚರಿಸಿದರೆ ಕೆಲಸ ಮುಗಿಯಿತು ಎಂಬ ರೂಢಿ ಈಚಿನದು. ಹೊಸ ಒಡಂಬಡಿಕೆಯಲ್ಲಿ ಅಂಥ ಸೂತ್ರವಿಲ್ಲ. ಪ್ರಾರ್ಥಿಸಿ, ನಿಮ್ಮ ಮಾತಿನಲ್ಲೇ ಪ್ರಾರ್ಥಿಸಿ. ಬಾಯಿಂದ ಅರಿಕೆ, ಹೃದಯದಿಂದ ನಂಬಿಕೆ ಎಂದು ರೋಮಾ 10:9 ಎರಡನ್ನೂ ಕೇಳುತ್ತದೆ. ಆ ಗಳಿಗೆಯಲ್ಲಿ ಮೈ ಜುಮ್ಮೆನ್ನದಿದ್ದರೆ ರಕ್ಷಣೆ ಆಗಲಿಲ್ಲವೆಂದು ಗಾಬರಿಯಾಗಬೇಡಿ. ಬೈಬಲಿನಲ್ಲಿ ರಕ್ಷಣೆ ಆಗಿಹೋದದ್ದು (ಎಫೆಸ 2:8), ಆಗುತ್ತಿರುವುದು (1 ಕೊರಿಂಥ 1:18), ಇನ್ನು ಆಗಲಿರುವುದು (ರೋಮಾ 5:9) ಈ ಮೂರೂ ಹೌದು. ಮೊದಲನೆಯದನ್ನು ಮಾತ್ರ ಹಿಡಿದವರು ಉಡಾಫೆಗೆ ಬೀಳುತ್ತಾರೆ, ಮೂರನೆಯದನ್ನು ಮಾತ್ರ ಹಿಡಿದವರು ಸಾಯುವ ತನಕ ಭಯದಲ್ಲಿರುತ್ತಾರೆ.

ದೀಕ್ಷಾಸ್ನಾನದ ವಿಧಾನದಲ್ಲಿ ಸಭೆಯಿಂದ ಸಭೆಗೆ ವ್ಯತ್ಯಾಸವಿದೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ, ನೀರಿನಿಂದ ಎಂಬುದು ಬಹುತೇಕ ಎಲ್ಲರಿಗೂ ಸಮಾನ. ಕ್ರಿ.ಶ. 1ನೇ ಶತಮಾನದ ಕೊನೆ ಅಥವಾ 2ನೆಯದರ ಆರಂಭದ ದಿದಾಖೆ ಎಂಬ ಕೈಪಿಡಿ, ಹರಿಯುವ ನೀರು ಉತ್ತಮ, ಇಲ್ಲವಾದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಯಾವುದೂ ಸಾಕಷ್ಟಿಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ, ಪಡೆಯುವವನು ಒಂದೆರಡು ದಿನ ಮುಂಚೆ ಉಪವಾಸವಿರಲಿ ಎಂದು ವಿವರಿಸುತ್ತದೆ. ಕಥೋಲಿಕರಲ್ಲಿ ವಯಸ್ಕರು ತಿಂಗಳುಗಟ್ಟಲೆ ಧರ್ಮೋಪದೇಶ ಪಡೆದು, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ದೀಕ್ಷೆ ಹೊಂದುತ್ತಾರೆ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಶಿಶುಗಳಿಗೂ, ಬೋಧನೆ ಪಡೆದ ವಯಸ್ಕರಿಗೂ ಕೊಡುತ್ತಾರೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂಟೆಕೋಸ್ಟ್ ಸಭೆಗಳು ಸ್ವತಃ ನಂಬಿದವರನ್ನು ಮಾತ್ರ ನೀರಿನಲ್ಲಿ ಮುಳುಗಿಸುತ್ತವೆ. ಶಿಲುಬೆಯ ಮೇಲಿದ್ದ ಕಳ್ಳನಿಗೆ ದೀಕ್ಷಾಸ್ನಾನ ಆಗಲಿಲ್ಲ, ಆದರೂ ಯೇಸು ಅವನಿಗೆ ಪರದೈಸಿನ (ಸ್ವರ್ಗದ) ಭರವಸೆ ಕೊಟ್ಟರು. ಅವಕಾಶವಿದ್ದೂ ಬೇಡ ಎನ್ನುವುದಕ್ಕೆ ಅದು ಆಧಾರವಾಗದು, ಅವಕಾಶವೇ ಸಿಗದವರಿಗೆ ಸಮಾಧಾನವಾದೀತು.

ಎಲ್ಲಿ ಎಚ್ಚರವಾಗಿರಬೇಕು? ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ದೇವರ ವರವನ್ನು ದುಡ್ಡಿಗೆ ಕೊಳ್ಳಲು ಬಂದ ಸೀಮೋನನೆಂಬ ಮಾಂತ್ರಿಕನನ್ನು ಪೇತ್ರ ಗದರಿಸಿದ್ದು ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿದೆ. 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದೆದ್ದದ್ದೂ ಪಾಪದಂಡನೆಯ ಮಾಫಿಪತ್ರ ಮಾರುವುದರ ವಿರುದ್ಧ. ಕಾಯಿಲೆ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ ಎಂಬ ಮಾತಿಗೆ ದೀಕ್ಷಾಸ್ನಾನವನ್ನು ತಳಕು ಹಾಕಿದರೂ ಒಪ್ಪಬೇಡಿ. ಆ ಕೆಲಸ ಸಿಗದ ದಿನ ನಂಬಿಕೆಯೂ ಅದರೊಟ್ಟಿಗೆ ಹೋಗುತ್ತದೆ. ಇಂದು ಸಂಜೆಯೇ ಆಗಲಿ ಎಂಬ ಅವಸರ, ಮನೆಯವರಿಂದ ಮುಚ್ಚಿಡು ಎಂಬ ಸಲಹೆ, ತಂದೆತಾಯಿಯ ದೇವರನ್ನು ಹಳಿಯುವ ಬೋಧನೆ ಇವೂ ಅದೇ ಜಾತಿಯವು. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಸಾತ್ವಿಕತೆಯಿಂದಲೂ ಮರ್ಯಾದೆಯಿಂದಲೂ ಉತ್ತರಿಸಿ ಎಂಬುದು 1 ಪೇತ್ರ 3:15ರ ಆಜ್ಞೆ.

ಸ್ವತಃ ಓದಿ ನೋಡಬೇಕೆನಿಸಿದರೆ ಲೂಕನ ಸುವಾರ್ತೆಯಿಂದ ಆರಂಭಿಸಿ. ಒಟ್ಟು 24 ಅಧ್ಯಾಯ. ದಿನಕ್ಕೊಂದರಂತೆ ತಿಂಗಳೊಳಗೆ ಮುಗಿಯುತ್ತದೆ. ನಂತರ ಅಪೊಸ್ತಲರ ಕೃತ್ಯಗಳು 10ರಿಂದ 16, ಕೊನೆಗೆ ರೋಮಾಪುರದವರಿಗೆ ಬರೆದ ಪತ್ರದ 1ರಿಂದ 8. ರೋಮಾ 9ರಿಂದ 11 ಕಠಿಣ, ಮೊದಲ ಓದಿಗೆ ಬೇಡ. ಓದುತ್ತಾ ಅಡ್ಡಿಯೆನಿಸಿದ ವಚನಗಳನ್ನು ಗುರುತಿಟ್ಟುಕೊಂಡು ನಿಮ್ಮ ಸಹೋದ್ಯೋಗಿಯನ್ನೂ, ಹತ್ತಿರದ ಸಭೆಯ ಗುರುಗಳನ್ನೂ ಬೇರೆಬೇರೆಯಾಗಿ ಕೇಳಿ. ಇಬ್ಬರ ಉತ್ತರವೂ ಒಂದೇ ಆಗಿರಬೇಕೆಂದೇನಿಲ್ಲ; ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಆಧಾರಕ್ಕೆ ಯಾವ ವಚನ ಎಂದು ಇಬ್ಬರನ್ನೂ ಕೇಳಿ, ಆ ಅಧ್ಯಾಯವನ್ನು ಪೂರ್ತಿ ಓದಿ.